ಬೈಲಕುಪ್ಪೆಯ ಹುಡುಗರು ಯಾವ ದೇಶಕ್ಕೆ ಆಡಬೇಕು?

ಕುಶಾಲನಗರದಿಂದ ಕಾವೇರಿ ಸೇತುವೆ ದಾಟಿ ಮೈಸೂರು ಕಡೆ ಬಂದರೆ ಕೊಪ್ಪ ಸಿಗುತ್ತದೆ. ಅಲ್ಲಿ ಬಲಕ್ಕೆ ತಿರುಗಿದರೆ ಗೋಲ್ಡನ್ ಟೆಂಪಲ್. ಬಂದವರೆಲ್ಲ ಫೋಟೊ ತೆಗೆಸಿಕೊಂಡು, ಮೊಮೊ ತಿಂದು, ಮಡಿಕೇರಿ ಬಸ್ಸು ಹಿಡಿಯುತ್ತಾರೆ. ಇನ್ನೂ ಸ್ವಲ್ಪ ಒಳಗೆ ಹೋದರೆ ಮುಸುಕಿನ ಜೋಳದ ಹೊಲಗಳ ಮಧ್ಯೆ ಟಿಬೆಟಿಯನ್ನರ ಕ್ಯಾಂಪ್‌ಗಳಿವೆ. ಅಲ್ಲಿ ಸಂಜೆ ಹೊತ್ತು ಫುಟ್‌ಬಾಲ್ ಇಲ್ಲದ ದಿನ ನಾನು ನೋಡಿಲ್ಲ.

ಹೋದ ಸಲ ಹೋದಾಗ ಒಂದು ಮ್ಯಾಚ್ ನೋಡುತ್ತಾ ನಿಂತೆ. ಗೋಲ್ ಪೋಸ್ಟ್‌ಗೆ ನೆಟ್ ಇರಲಿಲ್ಲ. ಚೆಂಡು ಒಳಗೆ ಹೋದರೆ ಸೀದಾ ಜೋಳದ ಹೊಲಕ್ಕೆ, ಹೊಡೆದವನೇ ಓಡಿ ತರಬೇಕು. ಸನ್ಯಾಸಿ ಹುಡುಗನೊಬ್ಬ ತನ್ನ ಕಡುಗೆಂಪು ಬಟ್ಟೆಯನ್ನು, ನಮ್ಮವರು ಪಂಚೆ ಎತ್ತಿ ಕಟ್ಟುತ್ತಾರಲ್ವಾ, ಹಾಗೆ ಮೊಣಕಾಲ ಮೇಲಕ್ಕೆ ಸಿಕ್ಕಿಸಿಕೊಂಡು ಮೈದಾನದ ಅಂಚಿನಿಂದ ಓಡುತ್ತಿದ್ದ. ಆ ಓಟಕ್ಕೆ ಅಡ್ಡ ಬರುವ ಧೈರ್ಯ ಯಾರಿಗೂ ಇರಲಿಲ್ಲ. ಉಳಿದವರ ಮೈಮೇಲೆ ಮೆಸ್ಸಿ, ರೊನಾಲ್ಡೊ ಜರ್ಸಿಗಳು. ಒಬ್ಬನ ಜರ್ಸಿ ಮೇಲೆ ಮಾತ್ರ ಹಿಮಸಿಂಹಗಳಿದ್ದವು. ಇದು ಯಾವ ಕ್ಲಬ್ಬಿಂದು ಅಂತ ಕೇಳಿದೆ. ಅಚ್ಚ ಕನ್ನಡದಲ್ಲೇ ಉತ್ತರ ಬಂತು: "ಕ್ಲಬ್ಬಲ್ಲ ಅಣ್ಣ, ನಮ್ಮ ನ್ಯಾಷನಲ್ ಟೀಮ್ದು."

ನ್ಯಾಷನಲ್ ಟೀಮ್. ಆ ಮಾತು ಮನೆಗೆ ಬಂದ ಮೇಲೂ ತಲೆಯಲ್ಲೇ ಉಳಿಯಿತು. ಟಿಬೆಟ್ ಎಂಬ ಆ ದೇಶ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಪಟ್ಟಿಯಲ್ಲಿಲ್ಲ, ವಿಶ್ವಸಂಸ್ಥೆಯಲ್ಲೂ ಇಲ್ಲ. ತಂಡ ಮಾತ್ರ ಇದೆ. ಅದರ ಕಥೆ ಕೆದಕುತ್ತಾ ಹೋದಷ್ಟೂ ನನಗೆ ಇದನ್ನು ಬರೆಯಲೇಬೇಕು ಅನ್ನಿಸಿತು.

ಟಿಬೆಟ್‌ಗೆ ಫುಟ್‌ಬಾಲ್ ತಂದವರು ಬ್ರಿಟಿಷರು. 1936ರಲ್ಲಿ ಲಾಸಾಕ್ಕೆ ಬಂದ ಬ್ರಿಟಿಷ್ ನಿಯೋಗದವರು ಅಲ್ಲಿ ತಂಡ ಕಟ್ಟಿ ಆಡಿದರು. ಎದುರು ತಂಡದ ಹೆಸರು ಲಾಸಾ ಯುನೈಟೆಡ್. ಅದರಲ್ಲಿ ಟಿಬೆಟಿಯನ್ನರ ಜೊತೆ ನೇಪಾಳಿಗಳು, ಲಡಾಕಿಗಳೂ ಇದ್ದರು. ಹೆಚ್ಚುಕಮ್ಮಿ 12,000 ಅಡಿ ಎತ್ತರದಲ್ಲಿ ಆಟ. ನಡೆದರೇ ಉಸಿರು ಸಿಕ್ಕಿಕೊಳ್ಳುವ ಜಾಗದಲ್ಲಿ ಚೆಂಡಿನ ಹಿಂದೆ ಓಡುವುದು ಹೇಗಿರಬಹುದು ಯೋಚಿಸಿ. ಮಠಗಳ ಹಿರಿಯರಿಗೆ ಈ ಆಟ ಅಷ್ಟೇನೂ ಇಷ್ಟವಾಗಲಿಲ್ಲ. ಚೆಂಡನ್ನು ಒದೆಯುವುದು ಬುದ್ಧನ ತಲೆ ಒದ್ದಂತೆ ಎಂಬ ಮಾತು ಆಗ ಓಡಾಡುತ್ತಿತ್ತಂತೆ. 1940ರ ದಶಕದಲ್ಲಿ ಒಂದು ಮ್ಯಾಚಿನ ನಡುವೆ ಆಲಿಕಲ್ಲು ಮಳೆ ಸುರಿಯಿತು, ಅಪಶಕುನ ಅಂತ ಆಟವನ್ನೇ ನಿಷೇಧಿಸಿದರು ಎಂದು ಹೇಳುತ್ತಾರೆ. ಅದೇ ಮಠಗಳ ಪರಂಪರೆಯ ಹುಡುಗ ಇವತ್ತು ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಮಣ್ಣಿನಲ್ಲಿ ಮೈದಾನದ ಅಂಚಿನಿಂದ ಓಡಿ ಬರುತ್ತಾನೆ. ನನಗಂತೂ ಇದು ತುಂಬಾ ಖುಷಿ ಕೊಡುವ ಸಂಗತಿ.

ಟಿಬೆಟ್ ಚೀನಾದ ಹಿಡಿತಕ್ಕೆ ಹೋದ ಮೇಲೆ 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಹಿಂದೆಯೇ ಸಾವಿರಾರು ಜನ ಬಂದರು. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆ ಹತ್ತಿರ ಸುಮಾರು 3,000 ಎಕರೆ ಕೊಟ್ಟಿತು. ಆಮೇಲೆ ಮುಂಡಗೋಡು, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ. ಇವತ್ತಿನ ಟಿಬೆಟ್ ಫುಟ್‌ಬಾಲ್ ನಿಂತಿರುವುದು ಇಂಥ ಕ್ಯಾಂಪ್‌ಗಳ ಮೇಲೇ. ಬೇರೆ ದೇಶಗಳಲ್ಲಿ ಜಿಲ್ಲೆ, ರಾಜ್ಯ, ಲೀಗ್ ಅಂತ ಮೆಟ್ಟಿಲುಗಳಿರುತ್ತವೆ. ಇವರಿಗೆ ಕ್ಯಾಂಪೇ ಜಿಲ್ಲೆ, ಕ್ಯಾಂಪೇ ಕ್ಲಬ್ಬು.

1981ರಿಂದ ಒಂದು ದೊಡ್ಡ ಟೂರ್ನಮೆಂಟ್ ನಡೆಯುತ್ತಾ ಬಂದಿದೆ, ಗ್ಯಾಲ್ಯುಮ್ ಚೆನ್ಮೊ ಗೋಲ್ಡ್ ಕಪ್. ಗ್ಯಾಲ್ಯುಮ್ ಚೆನ್ಮೊ ಅಂದರೆ ಮಹಾತಾಯಿ. ಅದೇ ವರ್ಷ ತೀರಿಕೊಂಡ ದಲೈ ಲಾಮಾ ಅವರ ತಾಯಿಯ ನೆನಪಿಗೆ ಇಟ್ಟ ಹೆಸರು. ಧರ್ಮಶಾಲಾ, ಡೆಹ್ರಾಡೂನ್, ಮುಂಡಗೋಡು, ಬೈಲಕುಪ್ಪೆ, ಹೀಗೆ ಊರೂರಿನ ತಂಡಗಳು ರೈಲಿನಲ್ಲಿ ದಿನಗಟ್ಟಲೆ ಕೂತು ಬಂದು ಆಡುತ್ತವೆ. ಟಿಬೆಟ್ ತಂಡಕ್ಕೆ ಹುಡುಗರನ್ನು ಹುಡುಕುವ ಜಾಗವೂ ಇದೇ. ಸಂಬಳ ಕೊಡುವ ಲೀಗ್ ಇಲ್ಲ. ಚಳಿಗಾಲ ಬಂದರೆ ಮನೆಮಂದಿ ಸ್ವೆಟರ್ ವ್ಯಾಪಾರಕ್ಕೆ ಊರೂರಿಗೆ ಹೊರಡುತ್ತಾರೆ. ನಮ್ಮೂರ ಬಸ್ ಸ್ಟ್ಯಾಂಡ್ ಪಕ್ಕ ಸ್ವೆಟರ್ ಮಡಿಚಿಟ್ಟು ಚೌಕಾಸಿ ಮಾಡುವ ಹುಡುಗ ಬೇಸಿಗೆಯಲ್ಲಿ ಒಳ್ಳೆಯ ಡಿಫೆಂಡರ್ ಆಗಿರಬಹುದು.

ಈ ತಂಡ ಜಗತ್ತಿಗೆ ಗೊತ್ತಾಗಿದ್ದು 2001ರ ಜೂನ್ 30ರಂದು. ಡೆನ್ಮಾರ್ಕಿನ ಮೈಕಲ್ ನೀಬ್ರಾಂಟ್ ಎಂಬ ಯುವಕ ಹಟ ಹಿಡಿದು ಕೋಪನ್‌ಹೇಗನ್‌ನಲ್ಲಿ ಟಿಬೆಟ್ ಮತ್ತು ಗ್ರೀನ್‌ಲ್ಯಾಂಡ್ ನಡುವೆ ಪಂದ್ಯ ಏರ್ಪಡಿಸಿದ. ಚೀನಾ ಸುಮ್ನಿರಲಿಲ್ಲ. ಆಟ ನಿಲ್ಲಿಸಿ ಅಂತ ಒತ್ತಡ ಹಾಕಿತು, ಗ್ರೀನ್‌ಲ್ಯಾಂಡ್‌ನ ಸೀಗಡಿ ವ್ಯಾಪಾರಕ್ಕೇ ಪೆಟ್ಟು ಬೀಳುತ್ತದೆ ಎಂಬ ಭಯ ಹುಟ್ಟಿತು. ಆದರೂ ಆಟ ನಡೆಯಿತು. ಟಿಬೆಟ್ 4–1ರಿಂದ ಸೋತಿತು. ಆದರೆ ಆ ಒಂದು ಗೋಲ್ ಇದೆಯಲ್ಲ, ಸಾವಿರಾರು ಜನರ ಮುಂದೆ ಟಿಬೆಟ್ ಬಾವುಟದಡಿ ಹೊಡೆದ ಗೋಲ್, ಅದಕ್ಕೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ.

2006ರಲ್ಲಿ ಜರ್ಮನಿಯಲ್ಲಿ ವಿಶ್ವಕಪ್ ನಡೆಯುವುದಕ್ಕೆ ಸ್ವಲ್ಪ ಮುಂಚೆ ಹ್ಯಾಂಬರ್ಗ್‌ನಲ್ಲಿ ಇನ್ನೊಂದು ಕಪ್ ನಡೆಯಿತು. ಫಿಫಾ ಬಾಗಿಲು ತೆರೆಯದ ತಂಡಗಳಿಗೆ ಮಾತ್ರ. ಟಿಬೆಟ್, ಗ್ರೀನ್‌ಲ್ಯಾಂಡ್, ಜಾಂಜಿಬಾರ್, ಜಿಬ್ರಾಲ್ಟರ್, ಉತ್ತರ ಸೈಪ್ರಸ್ ಬಂದಿದ್ದವು. ಆರನೆಯದು 'ರಿಪಬ್ಲಿಕ್ ಆಫ್ ಸೇಂಟ್ ಪೌಲಿ'. ಅದು ದೇಶವೇ ಅಲ್ಲ, ಹ್ಯಾಂಬರ್ಗ್‌ನ ಒಂದು ಬಡಾವಣೆಯ ಕ್ಲಬ್ಬು. ಆ ಕಪ್ಪಿನ ಮಟ್ಟಿಗೆ ತಾನೇ ಗಣರಾಜ್ಯ ಅಂದುಕೊಂಡು ಕಣಕ್ಕಿಳಿದಿತ್ತು. ಕಲ್ಪನೆಯ ದೇಶವೊಂದು ನಿಜವಾದ ನೋವಿರುವ ಜನರಿಗೆ ಆಡಲು ಜಾಗ ಕೊಟ್ಟಿತು ಅನ್ನುವುದು ನನಗೆ ಈಗಲೂ ಬೆರಗು.

2013ರಲ್ಲಿ ಕೋನಿಫಾ ಅಂತ ಒಂದು ಒಕ್ಕೂಟ ಹುಟ್ಟಿತು. ಇಂಥ ತಂಡಗಳದ್ದೇ ಸಂಘ. 2018ರಲ್ಲಿ ಅದು ಲಂಡನ್‌ನಲ್ಲಿ 16 ತಂಡಗಳ ಕಪ್ ನಡೆಸಿದಾಗ ಟಿಬೆಟ್ ಕೂಡ ಆಡಿತು. ಟಿಬೆಟ್ ಇದ್ದರೆ ನಾವು ದುಡ್ಡು ಹಾಕುವುದಿಲ್ಲ ಅಂತ ಕೆಲವು ಪ್ರಾಯೋಜಕರು ಹಿಂದೆ ಸರಿದರೂ ಆಯೋಜಕರು ತಂಡವನ್ನು ಕೈಬಿಡಲಿಲ್ಲ. ಗುಂಪಿನ ಮೂರೂ ಪಂದ್ಯ ಸೋತರು. ಅದರಲ್ಲಿ ಒಂದು, ಕೊನೆಗೆ ಕಪ್ ಗೆದ್ದ ಕಾರ್ಪಟಾಲ್ಯಾ, ಅಂದರೆ ಉಕ್ರೇನಿನ ಹಂಗೇರಿಯನ್ನರ ತಂಡದ ಎದುರು.

ಫಿಫಾದಲ್ಲಿ 211 ಸದಸ್ಯರಿದ್ದಾರೆ, ವಿಶ್ವಸಂಸ್ಥೆಯಲ್ಲಿ 193. ಅಂದರೆ ಫಿಫಾ ಸೇರಲು ಪೂರ್ತಿ ದೇಶವೇ ಆಗಿರಬೇಕು ಅಂತೇನೂ ಇರಲಿಲ್ಲ. ಸ್ಕಾಟ್ಲೆಂಡ್, ವೇಲ್ಸ್ ಮೊದಲಿಂದ ಇವೆ. ಹಾಂಗ್‌ಕಾಂಗ್ ಇದೆ, ಫೆರೋ ದ್ವೀಪಗಳಿವೆ. ಜಿಬ್ರಾಲ್ಟರ್ ವರ್ಷಗಟ್ಟಲೆ ಹೋರಾಡಿ 2016ರಲ್ಲಿ ಒಳಗೆ ಬಂತು. ಗ್ರೀನ್‌ಲ್ಯಾಂಡ್ ಉತ್ತರ ಅಮೆರಿಕದ ಒಕ್ಕೂಟಕ್ಕೆ ಅರ್ಜಿ ಹಾಕಿತ್ತು, 2025ರಲ್ಲಿ ಅದೂ ತಿರಸ್ಕಾರವಾಯಿತು. ಇನ್ನು ಟಿಬೆಟ್ ಕೇಳುವ ಹಾಗೂ ಇಲ್ಲ, ಬಿಡಿ. 2017ರಲ್ಲಿ ಚೀನಾದ 20 ವರ್ಷದೊಳಗಿನವರ ತಂಡ ಜರ್ಮನಿಯಲ್ಲಿ ಸ್ಥಳೀಯ ಕ್ಲಬ್ಬುಗಳ ಜೊತೆ ಆಡಲು ಹೋಗಿತ್ತು. ಮೊದಲ ಪಂದ್ಯದಲ್ಲೇ ನಾಲ್ಕಾರು ಪ್ರೇಕ್ಷಕರು ಟಿಬೆಟ್ ಬಾವುಟ ತೋರಿಸಿದರು. ಹುಡುಗರು ಸ್ವಲ್ಪ ಹೊತ್ತು ಮೈದಾನ ಬಿಟ್ಟು ಹೊರನಡೆದರು, ಆಮೇಲೆ ಉಳಿದ ಪಂದ್ಯಗಳು ನಿಂತುಹೋದವು. ಒಂದು ಬಟ್ಟೆ ತುಂಡಿಗೆ ಅಷ್ಟು ಹೆದರಿಕೆ!

ಆದರೆ ಈ ಹುಡುಗರನ್ನು ಜಾಸ್ತಿ ಕಾಡುವುದು ಕಾಗದಪತ್ರ. ಇಲ್ಲಿ ಹುಟ್ಟಿ ಬೆಳೆದವರೂ ಬಹಳಷ್ಟು ಮಂದಿ ಇಟ್ಟುಕೊಂಡಿರುವುದು ಆರ್‌ಸಿ, ಅಂದರೆ ವಿದೇಶೀಯರ ನೋಂದಣಿ ಪತ್ರ. ಅದನ್ನು ಆಗಾಗ ನವೀಕರಿಸಬೇಕು. ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಹಳದಿ ಹೊದಿಕೆಯ ಐಸಿ, ಅಂದರೆ ಗುರುತಿನ ಪತ್ರ. ಆ ಹಳದಿ ಪುಸ್ತಕ ನೋಡಿದರೆ ವಿಮಾನ ನಿಲ್ದಾಣದಲ್ಲಿ ಎಷ್ಟೋ ಕಡೆ ಪ್ರಶ್ನೆಗಳು ಶುರು. 2011ರಲ್ಲಿ ಶುರುವಾದ ಟಿಬೆಟಿಯನ್ ಹುಡುಗಿಯರ ತಂಡ 2017ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಆಡಬೇಕಿತ್ತು. ವೀಸಾ ಕೊಡಲಿಲ್ಲ. ತಿಂಗಳುಗಟ್ಟಲೆ ಬೆವರು ಸುರಿಸಿದ ಹುಡುಗಿಯರು ದೆಹಲಿಯಿಂದಲೇ ವಾಪಸ್ ಬಂದರು. ಇದನ್ನು ಓದಿದ ದಿನ ನನಗೆ ನಿಜವಾಗಲೂ ಸಂಕಟವಾಯಿತು.

1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು, ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತದೆ ಎಂದು ನಮ್ಮ ಕರ್ನಾಟಕ ಹೈಕೋರ್ಟೇ 2013ರಲ್ಲಿ ಹೇಳಿತು. ಒಳ್ಳೆಯ ತೀರ್ಪು. ಆದರೆ ಈಗ ಮೈದಾನದಲ್ಲಿ ಓಡುವ ವಯಸ್ಸಿನವರೆಲ್ಲ ಆ ತಾರೀಖಿನ ಆಚೆ ಹುಟ್ಟಿದವರು.

ಆವತ್ತು ಆ ಜರ್ಸಿ ಹುಡುಗನನ್ನು ಕೇಳಿದೆ, ಭಾರತಕ್ಕೆ ಆಡುವ ಅವಕಾಶ ಸಿಕ್ಕರೆ ಆಡ್ತೀಯಾ ಅಂತ. ಸ್ವಲ್ಪ ಹೊತ್ತು ಶೂ ಲೇಸ್ ಬಿಗಿ ಮಾಡುತ್ತಾ ಸುಮ್ಮನಿದ್ದ. "ಭಾರತ ಅಂದ್ರೂ ಇಷ್ಟ ಅಣ್ಣ, ಇಲ್ಲೇ ಹುಟ್ಟಿದ್ದು. ಆದ್ರೆ ಅಜ್ಜಿ ಇದ್ದಾರೆ, ಈ ಜರ್ಸಿ ಅವರೇ ಒಗೆಯೋದು, ಬೇರೆ ಯಾರಿಗೂ ಮುಟ್ಟೋಕೆ ಬಿಡಲ್ಲ" ಅಂದ. ಅಷ್ಟರಲ್ಲಿ ಚೆಂಡು ಮತ್ತೆ ಜೋಳದ ಹೊಲಕ್ಕೆ ಬಿತ್ತು. ಈ ಸಲ ಹೊಡೆದಿದ್ದು ಸನ್ಯಾಸಿ ಹುಡುಗ. ಬಟ್ಟೆ ಇನ್ನೊಂದು ಸುತ್ತು ಬಿಗಿದುಕೊಂಡು ಅವನೇ ತರಲು ಓಡಿದ.