ಎರಡು ವರ್ಷ ಅಂದವನು, ಎಪ್ಪತ್ತು ಅಂದವನು

"ಕ್ರಿಸ್‌ಮಸ್ಸಿಗೆ ಮುಂಚೆ ನೀನು ಕೆನಡಾದಲ್ಲಿರ್ತೀಯ, ಕರ್ತನು ಹೇಳ್ತಿದ್ದಾನೆ!" ದೊಡ್ಡಮ್ಮನ ಮಗನ ತಲೆ ಮೇಲೆ ಕೈಯಿಟ್ಟು ಬೋಧಕರು ಕೂಗಿದರು. ಮನೆ ಪ್ರಾರ್ಥನೆಗೆ ಬಂದವರೆಲ್ಲ ಸ್ತೋತ್ರ, ಸ್ತೋತ್ರ ಅಂದರು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು, "ಆಮೆನ್ ಅಯ್ಯನವರೇ, ನಿಮ್ಮ ಬಾಯಿಹರಕೆಯಂತೆ ಆಗ್ಲಿ. ಆದ್ರೆ ನರ್ಸರಿಯಿಂದ ಟೊಮೆಟೊ ಸಸಿ ಬಂದು ಕೂತವೆ, ನಾಳೆ ನಾಟಿಗೆ ಇವನು ಬೇಕೇ ಬೇಕು" ಅಂದಳು.

ಬೋಧಕರ ಮುಖ ನೋಡಬೇಕಿತ್ತು. ಹೊರಗಿನಿಂದ ಬಂದವರು, ಇಸ್ತ್ರಿ ಮುರಿಯದ ಅಂಗಿ. ಕೋಲಾರದಲ್ಲಿ ಸಸಿ ಒಣಗಿದರೆ ಸಾಲ ಯಾರು ಕಟ್ಟಬೇಕು ಅನ್ನುವುದು ಅವರಿಗೇನು ಗೊತ್ತು?

ನನಗೆ ನಗುವಿಗಿಂತ ಹೆಚ್ಚಾಗಿ ಕಾಡಿದ್ದು ಆ "ಆಮೆನ್... ಆದ್ರೆ". ಎಲ್ಲೋ ಓದಿದ ಹಾಗಿದೆಯಲ್ಲ ಅಂತ ಹುಡುಕಿದರೆ, ಬೈಬಲಿನಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕ, 28ನೇ ಅಧ್ಯಾಯ. ದೇವಾಲಯದಲ್ಲಿ ಜನರೆದುರು ಹನನ್ಯ ಅನ್ನುವ ಇನ್ನೊಬ್ಬ ಪ್ರವಾದಿ ಹೇಳುತ್ತಾನೆ: ಬಾಬೆಲಿನ, ಅಂದರೆ ಬ್ಯಾಬಿಲೋನಿನ, ನೊಗ ಮುರಿದುಬಿತ್ತು, ಅಲ್ಲಿಗೆ ಸೆರೆ ಹೋದ ನಮ್ಮ ಜನ ಎರಡೇ ವರ್ಷದಲ್ಲಿ ವಾಪಸ್ಸು. ಯೆರೆಮೀಯನೂ ಆಮೆನ್ ಅನ್ನುತ್ತಾನೆ, ಹಾಗೇ ಆಗಲಿ ಅನ್ನುತ್ತಾನೆ. ಆದರೆ ಮುಂದಿನ ಅಧ್ಯಾಯದಲ್ಲಿ ಸೆರೆಯಲ್ಲಿದ್ದವರಿಗೆ ಅವನು ಕಳಿಸಿದ ಕಾಗದ ಇದೆ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ಉಣ್ಣಿ, ಬಾಬೆಲಿಗೆ ಎಪ್ಪತ್ತು ವರ್ಷ ತುಂಬಬೇಕು. ಓದು ಬರೆಹ ಬಾರದ ದೊಡ್ಡಮ್ಮ ಮಾಡಿದ್ದೂ ಅದನ್ನೇ. ಮೊದಲು ಆಮೆನ್, ಆಮೇಲೆ ತೋಟ.

ಆ ಎಪ್ಪತ್ತು ವರ್ಷ ಲೆಕ್ಕಕ್ಕೂ ಸಿಗುತ್ತದೆ: ಬಾಬೆಲಿಗೆ ಮುಂಚೆ ಆಳುತ್ತಿದ್ದ ಅಸ್ಸೀರಿಯದ ಕೊನೆಯ ರಾಜ ಕ್ರಿ.ಪೂ. 609ರಲ್ಲಿ ಸೋತ, 539ರಲ್ಲಿ ಬಾಬೆಲ್ ಪರ್ಷಿಯದ ರಾಜ ಕೋರೆಷನ ಪಾಲಾಯಿತು. ಲೆಕ್ಕ ಎಲ್ಲಿಂದ ಹಿಡಿಯಬೇಕು ಅನ್ನುವ ಜಗಳ ಪಂಡಿತರಲ್ಲಿ ಇದೆ, ಇರಲಿ. "ಎಲ್ಲಾ ನಡೆದ ಮೇಲೆ ಬರೆದಿದ್ದು ಬಿಡ್ರೀ" ಅನ್ನುವ ನನ್ನ ಸಹೋದ್ಯೋಗಿಗೆ ಇನ್ನೊಬ್ಬ ಪ್ರವಾದಿ ಯೆಶಾಯನ ಪುಸ್ತಕದ ಹಳೆಯ ಸುರುಳಿಯ ಕಥೆ ಹೇಳುತ್ತೇನೆ. ಮೃತ ಸಮುದ್ರದ ಪಕ್ಕದ ಗುಹೆಯಲ್ಲಿ 1947ರ ಹೊತ್ತಿಗೆ ಸಿಕ್ಕಿದ್ದು, ಯೇಸು ಹುಟ್ಟುವುದಕ್ಕೆ ನೂರು ವರ್ಷಕ್ಕೂ ಹಿಂದಿನ ಪ್ರತಿ. ಯೇಸುವಿನ ಸಾವಿನ ಮುನ್ಸೂಚನೆ ಅಂತ ನಾವು ಶುಭ ಶುಕ್ರವಾರ ಓದುವ 53ನೇ ಅಧ್ಯಾಯ ಅದರಲ್ಲಿದೆ. ಅಲ್ಲಿ ನೋವುಣ್ಣುವ ಸೇವಕ ಯಾರು ಅಂತ ಪಂಡಿತರು ವಾದಿಸಲಿ; ಶಿಲುಬೆ ಆದಮೇಲೆ ಸೇರಿಸಿದ್ದು ಅಂತ ಮಾತ್ರ ಹೇಳುವ ಹಾಗಿಲ್ಲ.

ಆದರೂ ನನ್ನ ನಂಬಿಕೆ ನಿಂತಿರುವುದು ಇಸವಿಗಳ ಮೇಲಲ್ಲ. ಹನನ್ಯನ ಮಾತು ಎಲ್ಲರಿಗೂ ಬೇಕಾಗಿದ್ದ ಮಾತು. ಯೆರೆಮೀಯನನ್ನು ಕೆಸರಿನ ಬಾವಿಗೇ ಇಳಿಸಿದರು. ಹಾಗಿದ್ದೂ ಆ ಜನ ಕಾಪಾಡಿಕೊಂಡು ಬಂದದ್ದು ತಮಗೆ ಕಹಿಯಾಗಿದ್ದವನ ಮಾತನ್ನು. ಹೇಳಿದ್ದು ನಡೆಯದಿದ್ದರೆ ಅಂಥ ಪ್ರವಾದಿಗೆ ಹೆದರಬೇಡಿ ಅಂತ ಬೈಬಲಿನದೇ ಧರ್ಮೋಪದೇಶಕಾಂಡ 18 ಮೊದಲೇ ಹೇಳಿಟ್ಟಿದೆ. ತನ್ನ ಪ್ರವಾದಿಗಳನ್ನೇ ಇಷ್ಟು ಬಿಗಿಯಾಗಿ ತೂಗುವ ಗ್ರಂಥವನ್ನು ನಾನು ನಂಬುತ್ತೇನೆ. ವೀಸಾ ಪ್ರವಾದನೆಯವರನ್ನು ಡಿಸೆಂಬರ್ ಆದಮೇಲೆ ಕೇಳುವವರು ಯಾರು?

ಭಾನುವಾರ ಈ ಅಧ್ಯಾಯದ ಮೇಲೆ ಪ್ರಸಂಗ ಮಾಡಿ ಅಂತ ನಮ್ಮ ಪಾಸ್ಟರನ್ನು ಕೇಳಿದೆ. ಅವರು ಕೆಮ್ಮಿದರು. "ಮಾಡೋಣ. ಮುಂದಿನ ತಿಂಗಳು ಉಪವಾಸ ಕೂಟಕ್ಕೂ ಆ ಬೋಧಕರನ್ನೇ ಕರೆದಿದ್ದೀವಿ, ಅದೊಂದು ಮುಗೀಲಿ."