ಕಲ್ಲಿಕೋಟೆಯಲ್ಲಿ ಎರಡು ರಾತ್ರಿ, ಒಂದು ಫೈನಲ್

ಬೆಳಗಿನ ಜಾವ ಮಂಗಳೂರು ಸೆಂಟ್ರಲ್ ಸ್ಟೇಷನ್ನಿಗೆ ಅಕ್ಕನ ಮಗ ಫ್ರಾನ್ಸ್ ಜೆರ್ಸಿ ಹಾಕಿಕೊಂಡೇ ಬಂದಿದ್ದ. ನೀಲಿ ಬಣ್ಣ, ಬೆನ್ನ ಮೇಲೆ 10, ಅದರ ಮೇಲೆ ಎಂಬಾಪೆ ಹೆಸರು. ಹನ್ನೆರಡು ವರ್ಷದ ಹುಡುಗ. "ಮೇಲೊಂದು ಅಂಗಿ ಹಾಕ್ಕೊಳ್ಳೋ" ಅಂದೆ. "ಚಳಿ ಇಲ್ಲ ಮಾಮ" ಅಂದ. ನಾನು ಹೇಳಿದ್ದು ಚಳಿಗಾಗಿ ಅಲ್ಲ. ನಾವು ಹೊರಟಿದ್ದು ಕಲ್ಲಿಕೋಟೆಗೆ. ಮಾರನೇ ದಿನ, 2022ರ ಡಿಸೆಂಬರ್ 18ಕ್ಕೆ, ಕತಾರಿನಲ್ಲಿ ವಿಶ್ವಕಪ್ ಫೈನಲ್. ಅರ್ಜೆಂಟೀನಾಕ್ಕೂ ಫ್ರಾನ್ಸಿಗೂ. ಕಲ್ಲಿಕೋಟೆಯಲ್ಲಿ ಅರ್ಜೆಂಟೀನಾ ಅಂದರೆ ಮನೆಯ ತಂಡ ಇದ್ದ ಹಾಗೆ.

ಈ ಪ್ರಯಾಣದ ಆಸೆ ಹುಟ್ಟಿದ್ದು ಒಂದು ಫೋಟೊದಿಂದ. ನವೆಂಬರಿನಲ್ಲಿ ಎಲ್ಲರ ಮೊಬೈಲಿಗೂ ಅದು ಬಂದಿತ್ತು. ಕಲ್ಲಿಕೋಟೆ ಜಿಲ್ಲೆಯ ಪುಲ್ಲಾವೂರು ಅನ್ನುವ ಹಳ್ಳಿಯ ಹೊಳೆ. ಹೊಳೆಯ ನಡುವೆ ಮೆಸ್ಸಿಯ ಸುಮಾರು 30 ಅಡಿಯ ಕಟೌಟ್. ಅದನ್ನು ನೋಡಿದ ಬ್ರೆಜಿಲ್ ಅಭಿಮಾನಿಗಳು ನೇಮಾರ್‌ನದ್ದು 40 ಅಡಿಯದ್ದು ನಿಲ್ಲಿಸಿದರು. ಆಮೇಲೆ ಪೋರ್ಚುಗಲ್‌ನವರು ರೊನಾಲ್ಡೊನನ್ನು ಅದಕ್ಕಿಂತಲೂ ಎತ್ತರಕ್ಕೆ ತಂದರು. ಫಿಫಾದವರೇ ಆ ಫೋಟೊ ಹಂಚಿಕೊಂಡರು. ಅದೇ ಹೊತ್ತಿಗೆ ಕೊಚ್ಚಿಯ ಹತ್ತಿರದ ಒಂದು ಊರಿನಲ್ಲಿ 17 ಜನ ಗೆಳೆಯರು ಸೇರಿ 23 ಲಕ್ಷ ಕೊಟ್ಟು ಒಂದು ಮನೆಯನ್ನೇ ಕೊಂಡರು. ಎಲ್ಲರೂ ಒಟ್ಟಿಗೆ ಕೂತು ಮ್ಯಾಚ್ ನೋಡಬೇಕು, ಅಷ್ಟೇ ಕಾರಣ. ಆ ಸುದ್ದಿ ಓದಿದ ದಿನದಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಮ್ಯಾಚನ್ನು ಎಲ್ಲಿ ಕೂತು ನೋಡುತ್ತೇವೆ ಅನ್ನುವುದು ಅಷ್ಟು ಮುಖ್ಯವಾ? ಈ ಊರಿನವರಿಗೆ ಮುಖ್ಯ. ಹಾಗಾದರೆ ಅಲ್ಲೇ ಹೋಗಿ ನೋಡೋಣ ಅಂತ ಟಿಕೆಟ್ ಮಾಡಿದೆ.

ಪರಶುರಾಮ್ ಎಕ್ಸ್‌ಪ್ರೆಸ್‌ನಲ್ಲಿ ಸುಮಾರು 220 ಕಿಲೋಮೀಟರ್. ಕಾಸರಗೋಡು ದಾಟುವಷ್ಟರಲ್ಲಿ ಬೆಳಕಾಯಿತು. ಅಲ್ಲಿಂದ ಮುಂದೆ ಹಳಿಯ ಎರಡೂ ಬದಿಯಲ್ಲಿ ಬಾವುಟಗಳೇ. ತೆಂಗಿನ ಮರಕ್ಕೆ, ಮನೆಯ ತಾರಸಿಗೆ, ಕರೆಂಟ್ ಕಂಬಕ್ಕೆ. ಹಳದಿ ಹಸಿರು ಬಾವುಟಗಳೂ ಹಾಗೇ ಇದ್ದವು. ಬ್ರೆಜಿಲ್ ಕ್ವಾರ್ಟರ್ ಫೈನಲ್‌ನಲ್ಲೇ ಕ್ರೊಯೇಷಿಯಾಕ್ಕೆ ಸೋತು ಹೊರಗೆ ಹೋಗಿತ್ತು. ಆದರೂ ಯಾರೂ ಇಳಿಸಿರಲಿಲ್ಲ. ಕಣ್ಣೂರು ಬಂದಾಗ ಹುಡುಗನಿಗೆ ಹೇಳಿದೆ, "2012ರಲ್ಲಿ ಮರಡೋನಾ ಇಲ್ಲಿಗೆ ಬಂದಿದ್ದ, ಗೊತ್ತಾ?" ಅವನು ನಂಬಲಿಲ್ಲ. ಎದುರು ಸೀಟಿನ ಹೆಂಗಸು ಮಲಯಾಳದಲ್ಲಿ, ಆ ದಿನ ಸ್ಟೇಡಿಯಂ ಹತ್ತಿರ ಕಾಲಿಡಲೂ ಜಾಗ ಇರಲಿಲ್ಲ ಅಂತ ಸೇರಿಸಿದರು. 2020ರಲ್ಲಿ ಮರಡೋನಾ ತೀರಿಕೊಂಡಾಗ ಕೇರಳದ ಕ್ರೀಡಾಲೋಕ ಎರಡು ದಿನ ಶೋಕ ಆಚರಿಸಿತ್ತು.

ಇಲ್ಲಿನ ಫುಟ್‌ಬಾಲ್ ಹುಚ್ಚು ಟಿವಿಯಿಂದ ಬಂದದ್ದಲ್ಲ. ಸೇಟ್ ನಾಗ್ಜಿ ಟೂರ್ನಿ ಕಲ್ಲಿಕೋಟೆಯಲ್ಲಿ 1952ರಲ್ಲೇ ಶುರುವಾಗಿತ್ತು. 2016ರಲ್ಲಿ ಅದನ್ನು ಮತ್ತೆ ನಡೆಸಿದಾಗ ರೊನಾಲ್ಡಿನೊ ಬಂದು ಹೋದ. ಮಲಬಾರಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಗದ್ದೆಯಲ್ಲಿ ಸೆವೆನ್ಸ್ ನಡೆಯುತ್ತದೆ. ಒಂದು ತಂಡಕ್ಕೆ ಏಳೇ ಜನ. ಅಡಿಕೆ ಮರ, ಬಿದಿರು ಕಟ್ಟಿ ಗ್ಯಾಲರಿ ಮಾಡುತ್ತಾರೆ. ನೈಜೀರಿಯಾ, ಘಾನಾದಿಂದ ಆಟಗಾರರು ಬರುತ್ತಾರೆ. ನಮ್ಮಲ್ಲೂ ಇಂಥ ಜಾಗಗಳಿವೆ. ಬೆಂಗಳೂರಿನ ಹಲಸೂರು ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಆದರೆ ಅದು ಒಂದು ಬಡಾವಣೆ. ಇಲ್ಲಿ ಇಡೀ ನಗರವೇ ಹಾಗೆ.

ಮೊದಲ ಪೆಟ್ಟು ಬಿದ್ದದ್ದು ಲಾಡ್ಜಿನಲ್ಲಿ. ರೂಮಿನಲ್ಲಿ ಟಿವಿ ಇದೆ, ಮ್ಯಾಚ್ ಬರುತ್ತದೆ ಅಂತ ಫೋನಿನಲ್ಲಿ ಹೇಳಿದ್ದರು. ಹೋಗಿ ನೋಡಿದರೆ ಮ್ಯಾಚಿನ ಚಾನೆಲ್ಲೇ ಇಲ್ಲ. ಮಳೆ ಬಂದರೋ, ಹುಡುಗ ಸುಸ್ತಾದರೋ ರೂಮಿನಲ್ಲೇ ನೋಡಿದರಾಯ್ತು ಅಂದುಕೊಂಡಿದ್ದೆ. ಆ ದಾರಿ ಮುಚ್ಚಿತು. ಮಕ್ಕಳ ಜೊತೆ ಹೋಗುವವರು ರೂಮ್ ಬುಕ್ ಮಾಡುವಾಗ ಚಾನೆಲ್ ಹೆಸರು ಹೇಳಿಯೇ ಕೇಳಿ.

ಶನಿವಾರ ಸಂಜೆ ನೈನಾಂವಳಪ್ಪಿಗೆ ಹೋದೆವು. ನಗರದ ದಕ್ಷಿಣಕ್ಕೆ, ಕಡಲಿಗೆ ಅಂಟಿಕೊಂಡ ಕೇರಿ ಇದು. ಫುಟ್‌ಬಾಲ್ ಅಂದರೆ ಕಲ್ಲಿಕೋಟೆಯವರು ಮೊದಲು ಹೇಳುವ ಹೆಸರು. ಗಲ್ಲಿಯ ಮೇಲೆ ಆಚೆ ಮನೆಯಿಂದ ಈಚೆ ಮನೆಗೆ ಹಗ್ಗ ಕಟ್ಟಿ ಬಾವುಟ ತೂಗಿಸಿದ್ದರು. ಬೇರೆ ಬೇರೆ ದೇಶದವು, ಒಂದರ ಪಕ್ಕ ಒಂದು. ಗೋಡೆಗಳಿಗೆ ಬಿಳಿ ನೀಲಿ ಪಟ್ಟೆ ಬಳಿದಿದ್ದರು. ಆ ರಾತ್ರಿ ಮೂರನೇ ಸ್ಥಾನದ ಪಂದ್ಯ. ಮೊರಾಕೊವನ್ನು ಕ್ರೊಯೇಷಿಯಾ 2–1ರಿಂದ ಸೋಲಿಸಿತು. ಅಲ್ಲಿದ್ದವರೆಲ್ಲ ಮೊರಾಕೊ ಪರ ಇದ್ದರು. ಸೆಮಿಫೈನಲ್‌ವರೆಗೆ ಬಂದ ಮೊದಲ ಆಫ್ರಿಕನ್ ತಂಡ ಅದು. ಮ್ಯಾಚ್ ಮುಗಿದಾಗ ಸೋತರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ನನಗೆ ತುಂಬಾ ಹಿಡಿಸಿತು.

ಭಾನುವಾರ ಬೆಳಿಗ್ಗೆ ಕುಟ್ಟಿಚ್ಚಿರ ಕೆರೆಯ ಸುತ್ತ ನಡೆದೆವು. ಪಕ್ಕದಲ್ಲೇ ಮಿಶ್ಕಾಲ್ ಮಸೀದಿ. ನಾಲ್ಕು ಅಂತಸ್ತು, ಹೆಚ್ಚಾಗಿ ಮರದ ಕೆಲಸ. 1510ರಲ್ಲಿ ಪೋರ್ಚುಗೀಸರು ಬೆಂಕಿ ಹಚ್ಚಿದ್ದ ಮಸೀದಿ ಇದು. ಕೆರೆಯ ಕಟ್ಟೆಯ ಮೇಲೆ ಮುದುಕರು ಕೂತು ರಾತ್ರಿಯ ಲೆಕ್ಕಾಚಾರ ಹಾಕುತ್ತಿದ್ದರು. ಹುಡುಗನ ಜೆರ್ಸಿ ನೋಡಿ ಒಬ್ಬರು "ಮೋನೆ (ಮಗನೇ), ಫ್ರಾನ್ಸಾ?" ಅಂತ ಕೇಳಿ ಬೆನ್ನು ತಟ್ಟಿದರು. ಆಗ ನನ್ನ ಭಯ ಸ್ವಲ್ಪ ಇಳಿಯಿತು.

ಸಂಜೆ ಆರಕ್ಕೇ ಬೀಚಿಗೆ ಹೋದೆವು. ಹಳೆಯ ಕಡಲ ಸೇತುವೆಯ ಕಂಬಗಳು ಇನ್ನೂ ನೀರಿನಲ್ಲಿ ನಿಂತಿವೆ. ಹಿಂದೆ ಹಡಗಿಗೆ ಸರಕು ಹೇರುತ್ತಿದ್ದ ಜಾಗ. ದಂಡೆಯುದ್ದಕ್ಕೂ ತಳ್ಳುಗಾಡಿಗಳು. ಗಾಜಿನ ಭರಣಿಗಳಲ್ಲಿ ಉಪ್ಪುನೀರಿಗೆ ಹಾಕಿದ ನೆಲ್ಲಿಕಾಯಿ, ಮಾವಿನಕಾಯಿ, ಅನಾನಸು, ಕ್ಯಾರೆಟ್. ನಮ್ಮ ಕಡೆ ಅಜ್ಜಿಯಂದಿರು ಭರಣಿಯಿಂದ ತೆಗೆದುಕೊಡುವ ಉಪ್ಪಿನ ಮಾವಿನಕಾಯಿಯದೇ ವಾಸನೆ. ಇಲ್ಲಿ ಅದಕ್ಕೆ ಖಾರದ ಪುಡಿ ಉದುರಿಸಿ ಕೊಡುತ್ತಾರೆ. ಮತ್ತೊಂದು ಗಾಡಿಯಲ್ಲಿ ಅಕ್ಕಿ ಹಿಟ್ಟು ತುಂಬಿ ಬೇಯಿಸಿ ಕರಿದ ಕಲ್ಲುಮ್ಮಕ್ಕಾಯ. ಮಂಗಳೂರಿನವರಿಗೆ ಇದು ಪಚ್ಚಿಲೆ ಅಂದರೆ ಗೊತ್ತಾಗುತ್ತದೆ. ಹುಡುಗ ಆರು ತಿಂದ. ನಾನು ಒಂದು ಸುಲೈಮಾನಿ ಕುಡಿದೆ. ಹಾಲಿಲ್ಲದ ಚಹಾಕ್ಕೆ ನಿಂಬೆ ಹಿಂಡಿರುತ್ತಾರೆ, ಏಲಕ್ಕಿಯ ಪರಿಮಳ ಇರುತ್ತದೆ.

ಒಂದು ವಿಷಯ ಇಲ್ಲಿ ಹೇಳಲೇಬೇಕು. ಮರಳ ಮೇಲೆ ಹೀಗೆ ಕೂತು ವಿಶ್ವಕಪ್ ನೋಡಲು ಆದದ್ದು ಡಿಸೆಂಬರ್ ಆದ್ದರಿಂದ. ಕತಾರಿನ ಬಿಸಿಲಿಗೆ ಹೆದರಿ ಟೂರ್ನಿಯನ್ನು ಚಳಿಗಾಲಕ್ಕೆ ಹಾಕಿದ್ದರು. ಅದಕ್ಕೂ ಮೊದಲಿನ ಎಲ್ಲ ವಿಶ್ವಕಪ್ ನಡೆದದ್ದು ಮೇ ಕೊನೆಯಿಂದ ಜುಲೈ ನಡುವೆ. ನಮ್ಮ ಕರಾವಳಿಗೆ ಅದು ಜಡಿಮಳೆಯ ಕಾಲ. 2026ರದ್ದೂ ಜೂನ್ 11ರಿಂದ ಜುಲೈ 19ರವರೆಗೆ. ಆಟ ಅಮೆರಿಕ, ಕೆನಡಾ, ಮೆಕ್ಸಿಕೊದಲ್ಲಿ, ಅಂದರೆ ನಮಗೆ ನಡುರಾತ್ರಿ, ಬೆಳಗಿನ ಜಾವ. ಫೈನಲ್ ಶುರುವಾಗುವುದೇ ನಮ್ಮ ರಾತ್ರಿ 12:30ಕ್ಕೆ. ಆಗ ಬೀಚಿನ ಆಸೆ ಬಿಟ್ಟು ಕ್ಲಬ್ಬು, ಹಾಲು, ಗಲ್ಲಿಯ ತಗಡಿನ ಚಪ್ಪರ ಹುಡುಕಬೇಕು.

ಎಂಟೂವರೆಗೆ ಮ್ಯಾಚ್ ಶುರುವಾಯಿತು. ದೊಡ್ಡ ಪರದೆಯ ಮುಂದೆ ಸಾವಿರಾರು ಜನ. ಆ ಸದ್ದನ್ನು ಹೇಗೆ ಹೇಳಲಿ? ಅಲೆಯ ಸದ್ದೇ ಕೇಳುತ್ತಿರಲಿಲ್ಲ. 23ನೇ ನಿಮಿಷ, ಮೆಸ್ಸಿಯ ಪೆನಾಲ್ಟಿ. ನನ್ನ ಎದೆಯೊಳಗೆ ನಗಾರಿ ಬಡಿದ ಹಾಗಾಯಿತು. 36ನೇ ನಿಮಿಷ, ಡಿ ಮರಿಯಾ. ಆ ಗೋಲಿಗೆ ಚೆಂಡು ಹೇಗೆ ಬಂತು ಅಂತ ನನಗೆ ಮರುದಿನ ಮೊಬೈಲಿನಲ್ಲಿ ನೋಡಿದ ಮೇಲೇ ಗೊತ್ತಾದದ್ದು. ಅರ್ಜೆಂಟೀನಾದ ಅರ್ಧದಿಂದ ಒಂದೊಂದೇ ಟಚ್‌ನಲ್ಲಿ ಸಾಗಿದ ಎಂಥ ಚಂದದ ಗೋಲು! ಅಲ್ಲಿ ನಮ್ಮ ಕಣ್ಣ ಮುಂದೆ ಇದ್ದದ್ದು ಬಾವುಟ, ಕೈ, ಮೊಬೈಲು. ಹುಡುಗನನ್ನು ಹೆಗಲ ಮೇಲೆ ಕೂರಿಸಿದರೆ ಹಿಂದಿನವರಿಗೆ ಅಡ್ಡ. ಇಳಿಸಿದರೆ ಅವನಿಗೆ ಏನೂ ಕಾಣುವುದಿಲ್ಲ. 41ನೇ ನಿಮಿಷಕ್ಕೇ ಫ್ರಾನ್ಸ್ ಕೋಚ್ ಜಿರೂವನ್ನೂ ಡೆಂಬೆಲೆಯನ್ನೂ ಹೊರಗೆ ಕರೆದರು. ಹುಡುಗ ಮೆಲ್ಲಗೆ ನನ್ನ ಕೈ ಎಳೆದ. "ಮಾಮ, ಹೋಗೋಣ."

ಅವನು ಹೇಳಿದ್ದು ಸರಿ ಅನ್ನಿಸಿತು. ಬೀಚಿನಲ್ಲಿ ಕಾಣುವುದು ಜನ. ಆ ಜನಸಾಗರವನ್ನು ಒಮ್ಮೆ ನೋಡಲೇಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಆಟ ನೋಡಬೇಕು ಅನ್ನುವ ಮಗುವಿಗೆ ಅದು ಜಾಗ ಅಲ್ಲ.

ಅರ್ಧವಿರಾಮದಲ್ಲಿ ಕುಟ್ಟಿಚ್ಚಿರದ ಕಡೆಗೆ ನಡೆದೆವು. ಹದಿನೈದು ಇಪ್ಪತ್ತು ನಿಮಿಷದ ದಾರಿ. ಬೆಳಿಗ್ಗೆ ನೋಡಿದ್ದ ಒಂದು ಗಲ್ಲಿಯಲ್ಲಿ ಬಿಳಿ ಬಟ್ಟೆ ಕಟ್ಟಿ, ಲ್ಯಾಪ್‌ಟಾಪಿನಿಂದ ಪ್ರೊಜೆಕ್ಟರ್ ಹಾಕಿದ್ದರು. ನಲವತ್ತು ಜನ ಇದ್ದಿರಬಹುದು. ಮುಂದೆ ಚಾಪೆಯ ಮೇಲೆ ಮಕ್ಕಳು, ಹಿಂದೆ ಪ್ಲಾಸ್ಟಿಕ್ ಕುರ್ಚಿ, ಮಹಡಿಯ ಕಿಟಕಿಗಳಲ್ಲಿ ಹೆಂಗಸರು. ಬಿಳಿ ಗಡ್ಡದ ಒಬ್ಬ ಇಕ್ಕ (ಇಲ್ಲಿ ಅಣ್ಣನಿಗೆ ಹಾಗೆ ಅನ್ನುತ್ತಾರೆ) ನಮ್ಮ ಮಾತು ಕೇಳಿ ತಿರುಗಿದರು. "ಮಂಗಳೂರಾ? ಬನ್ನಿ, ಕೂತ್ಕೊಳ್ಳಿ. ನಾನು ಬಂದರಿನಲ್ಲಿ ಹನ್ನೊಂದು ವರ್ಷ ಇದ್ದೆ" ಅಂದರು, ಒಳ್ಳೇ ಕನ್ನಡದಲ್ಲಿ. ತಮ್ಮ ಕುರ್ಚಿಯನ್ನೇ ಹುಡುಗನಿಗೆ ಬಿಟ್ಟುಕೊಟ್ಟರು.

ಆಟ ಮುಗಿಯಲು ಇನ್ನು ಹತ್ತು ನಿಮಿಷ ಇತ್ತು. ಪಕ್ಕದ ಮನೆಯೊಳಗಿನಿಂದ ಒಂದು ಚೀರಾಟ ಕೇಳಿತು. ನಮ್ಮ ಪರದೆಯ ಮೇಲೆ ಇನ್ನೂ ಏನೂ ಆಗಿಲ್ಲ. ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ಎಂಬಾಪೆ ಪೆನಾಲ್ಟಿ ಹೊಡೆಯುವುದು ಕಂಡಿತು. 80ನೇ ನಿಮಿಷ. ಅದು ಮುಗಿಯುವ ಮೊದಲೇ ಮನೆಯೊಳಗೆ ಇನ್ನೊಂದು ಚೀರಾಟ. 81ನೇ ನಿಮಿಷ, ಮತ್ತೆ ಎಂಬಾಪೆ. 2–2. ನನ್ನ ಪಕ್ಕದ ಹುಡುಗ ಕುರ್ಚಿಯ ಮೇಲೆ ಹತ್ತಿ ನಿಂತು ಕಿರುಚುತ್ತಿದ್ದ, ಇಡೀ ಗಲ್ಲಿಯಲ್ಲಿ ಅವನೊಬ್ಬನೇ. ನಲವತ್ತು ಜನ ಅವನನ್ನು ನೋಡಿದರು. ಆಮೇಲೆ ಮಹಡಿಯಿಂದ ಯಾರೋ ನಕ್ಕರು, ಎಲ್ಲರೂ ನಕ್ಕರು.

ವಿಷಯ ಏನೆಂದರೆ, ಗಲ್ಲಿಯ ಪರದೆಗೆ ಬರುತ್ತಿದ್ದದ್ದು ಇಂಟರ್‌ನೆಟ್ಟಿನ ಚಿತ್ರ. ಪಕ್ಕದ ಮನೆಯ ಟಿವಿಗೆ ಕೇಬಲ್. ಇಂಟರ್‌ನೆಟ್ಟಿನ ಚಿತ್ರ ಕೆಲವು ಕ್ಷಣ ಹಿಂದೆ ಇರುತ್ತದೆ. ಸುಮ್ನೆ ಕ್ರಿಕೆಟ್ ನೋಡುವಾಗ ಅದು ಗೊತ್ತಾಗುವುದೂ ಇಲ್ಲ. ಇಲ್ಲಿ ಪ್ರತಿ ಗೋಲೂ ಕಿವಿಗೆ ಮೊದಲು ಬಂದು, ಕಣ್ಣಿಗೆ ಆಮೇಲೆ ಬರುತ್ತಿತ್ತು. ಒಬ್ಬ ಹುಡುಗ ಹೋಗಿ "ಕೂಗಬೇಡಿ" ಅಂತ ಕೇಳಿಕೊಂಡ. ಯಾರಿಗೆ ಆಗುತ್ತದೆ ಹೇಳಿ?

ಎಕ್ಸ್‌ಟ್ರಾ ಟೈಮ್ ಶುರುವಾಗುವ ಮೊದಲು ಆ ಮನೆಯವರೇ ಒಂದು ದಾರಿ ಮಾಡಿದರು. ಒಳಗಿನ ಟಿವಿಯನ್ನು ಮೇಜಿನ ಸಮೇತ ಜಗಲಿಗೆ ಎಳೆದು ತಂದರು. ವೈರ್ ಸಾಲದೆ ಯಾರೋ ಎಕ್ಸ್‌ಟೆನ್ಷನ್ ಬೋರ್ಡ್ ತಂದರು. ಮನೆಯ ಅಜ್ಜಿ ಕಿಟಕಿಯ ಪರದೆ ಸರಿಸಿ ಕೇಬಲ್ ಹೊರಗೆ ಕೊಟ್ಟರು. ಪ್ರೊಜೆಕ್ಟರ್ ಆರಿಸಿ, ಇಡೀ ಗಲ್ಲಿ ಎದ್ದು ಆ ಸಣ್ಣ ಟಿವಿಯ ಮುಂದೆ ಒತ್ತೊತ್ತಾಗಿ ಕೂತಿತು. ಮಕ್ಕಳು ಮೆಟ್ಟಿಲ ಮೇಲೆ, ನಾವು ಬೀದಿಯಲ್ಲಿ.

108ನೇ ನಿಮಿಷ ಮೆಸ್ಸಿ. 118ನೇ ನಿಮಿಷ ಎಂಬಾಪೆ, ಹ್ಯಾಟ್ರಿಕ್. ಪುರುಷರ ವಿಶ್ವಕಪ್ ಫೈನಲ್‌ನಲ್ಲಿ ಅದಕ್ಕೂ ಮೊದಲು ಹ್ಯಾಟ್ರಿಕ್ ಹೊಡೆದದ್ದು 1966ರಲ್ಲಿ ಇಂಗ್ಲೆಂಡಿನ ಜೆಫ್ ಹರ್ಸ್ಟ್ ಒಬ್ಬನೇ. ಕೊನೆಯ ಗಳಿಗೆಯಲ್ಲಿ ಫ್ರಾನ್ಸಿನ ಕೊಲೊ ಮುವಾನಿ ಅರ್ಜೆಂಟೀನಾದ ಗೋಲ್‌ಕೀಪರ್ ಎದುರು ಒಬ್ಬನೇ ಇದ್ದ. ಮಾರ್ಟಿನೆಜ್ ಎಡಗಾಲು ಚಾಚಿ ತಡೆದ. ಇಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು. ಅದನ್ನು ಅವರು ನೋಡಲೇ ಇಲ್ಲ.

ಪೆನಾಲ್ಟಿಯ ಹೊತ್ತಿಗೆ ಗಲ್ಲಿಯಲ್ಲಿ ಉಸಿರಿನ ಸದ್ದೂ ಇಲ್ಲ. ಎಂಬಾಪೆ ಹೊಡೆದ, ಮೆಸ್ಸಿ ಹೊಡೆದ. ಕೊಮಾನ್‌ನದ್ದು ಮಾರ್ಟಿನೆಜ್ ತಡೆದ. ಚುವಾಮೆನಿ ಹೊರಗೆ ಹೊಡೆದ. ಮೊಂಟಿಯೆಲ್ ಬಂದಾಗ ಹುಡುಗ ಟಿವಿ ನೋಡುವುದನ್ನು ಬಿಟ್ಟು ನನ್ನ ತೋಳಿಗೆ ಮುಖ ಒತ್ತಿಕೊಂಡ. 4–2. ಬೀಚಿನ ಕಡೆಯಿಂದ ಪಟಾಕಿ, ಮಸೀದಿಯ ಕಡೆಯಿಂದ ಕೂಗು, ಎಲ್ಲ ಒಟ್ಟಿಗೆ. ಇಕ್ಕ ಅಳುತ್ತಿದ್ದರು. 1986ರಲ್ಲಿ ಮರಡೋನಾ ಗೆದ್ದಾಗ ತಾನು ಯುವಕ ಅಂದರು. ಮೂವತ್ತಾರು ವರ್ಷ ಕಾದಿದ್ದಾರೆ.

ಹುಡುಗನೂ ಅಳುತ್ತಿದ್ದ. ಇಕ್ಕ ಅದನ್ನು ನೋಡಿ, ಕಣ್ಣು ಒರೆಸಿಕೊಂಡು, ಅವನ ಬೆನ್ನ ಮೇಲಿನ 10ರ ಮೇಲೆ ಕೈಯಿಟ್ಟರು. "ಮೂರು ಗೋಲು ಹೊಡೆದಿದ್ದಾನೆ ಮೋನೆ, ಮೂರು" ಅಂದರು. ಯಾರೋ ಒಂದು ತುಂಡು ಕಪ್ಪು ಹಲ್ವ ತಂದು ಅವನ ಕೈಗೆ ಕೊಟ್ಟರು. ಅವನು ತಿನ್ನಲಿಲ್ಲ, ಹಿಡಿದುಕೊಂಡೇ ನಿಂತಿದ್ದ.

ಗಲ್ಲಿಯ ಹುಡುಗರೆಲ್ಲ ಬಾವುಟ ಹಿಡಿದು ಬೀಚಿಗೆ ಓಡಿದರು. ನಮಗೆ ಬೆಳಗಿನ ಜಾವ ಮಲಬಾರ್ ಎಕ್ಸ್‌ಪ್ರೆಸ್ ಹಿಡಿಯಬೇಕಿತ್ತು. ಹೊರಡೋಣ ಅಂತ ಎದ್ದೆ. ಜಗಲಿಯಲ್ಲಿ ಅಜ್ಜಿಯೂ ಅವರ ಮಗನೂ ಟಿವಿಯನ್ನು ಮತ್ತೆ ಒಳಗೆ ಸಾಗಿಸುತ್ತಿದ್ದರು. ಹುಡುಗ ಹಲ್ವವನ್ನು ಒಮ್ಮೆಲೇ ಬಾಯಿಗೆ ಹಾಕಿಕೊಂಡು, ಮೆಟ್ಟಿಲು ಹತ್ತಿ ಹೋಗಿ ವೈರ್ ಹಿಡಿದುಕೊಂಡ.