ಅಲುಗಾಡುವ ಕೊಕ್ಕೆಗೆ ಸುತ್ತಿಗೆ ಹಾಕಬೇಡಿ

ನಮ್ಮ ಕಟ್ಟಡದ ಸೈಟಿಗೆ ಹೊಸದಾಗಿ ಬರುವ ಹುಡುಗರು ಅಳತೆ ಟೇಪು ಕೈಗೆ ಸಿಕ್ಕ ಕೂಡಲೇ ಅದರ ತುದಿಯ ಕೊಕ್ಕೆಯನ್ನು ಅಲ್ಲಾಡಿಸಿ, ‘ಮೇಡಂ, ಇದು ಸಡಿಲವಾಗಿದೆ’ ಎಂದು ದೂರು ಹೇಳುತ್ತಾರೆ. ಒಬ್ಬ ಮಹಾಶಯ ಕೇಳುವ ಗೋಜಿಗೂ ಹೋಗದೆ ಕೊಕ್ಕೆಯನ್ನು ಪಟ್ಟಿಗೆ ಹಿಡಿದಿಡುವ ರಿವೆಟ್‌ಗಳನ್ನು ಬಡಿದು ಬಿಗಿ ಮಾಡಿಯೇಬಿಟ್ಟ. ಒಳ್ಳೆಯ ಟೇಪು ಅಲ್ಲಿಗೆ ಕೆಟ್ಟಿತು.

ಕೊಕ್ಕೆ ಅಲುಗಾಡಲೇಬೇಕು, ಆದರೆ ತನ್ನ ತಗಡಿನ ದಪ್ಪದಷ್ಟು ಮಾತ್ರ. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಅದು ಮುಂದಕ್ಕೆ ಬರುತ್ತದೆ. ಗೋಡೆಗೆ ಒತ್ತಿ ಹಿಡಿದಾಗ ಹಿಂದಕ್ಕೆ ಸರಿಯುತ್ತದೆ. ಹೀಗಾಗಿ ಹೊರ ಅಳತೆಗೂ ಒಳ ಅಳತೆಗೂ ಸೊನ್ನೆ ತನ್ನ ಜಾಗದಲ್ಲೇ ಇರುತ್ತದೆ. ಬಡಿದು ಕೂರಿಸಿದರೆ ಎರಡರಲ್ಲಿ ಒಂದು ಅಳತೆ ಸದಾ ತಪ್ಪು. ಅಂಗಡಿಯಲ್ಲಿ ಟೇಪು ಕೊಳ್ಳುವಾಗ ನಾನು ಬೆಲೆಗಿಂತ ಮೊದಲು ನೋಡುವುದು ಇದನ್ನೇ. ಸ್ಟೀಲ್ ಸ್ಕೇಲ್ ಜೊತೆಗಿರುತ್ತದೆ: ಒಮ್ಮೆ ಸಿಕ್ಕಿಸಿ, ಒಮ್ಮೆ ಒತ್ತಿ ಹೋಲಿಸುತ್ತೇನೆ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಅನಂತರ ಪಟ್ಟಿಯ ಅಗಲ. ಹದಿನಾರು ಮಿಲಿಮೀಟರ್ ಅಗಲದ ಮೂರು ಮೀಟರ್ ಟೇಪು ಮನೆಯಲ್ಲಿ ಪರದೆ ಅಳೆಯಲು ಸಾಕು. ಸೈಟಿನಲ್ಲಿ ನೆಲದಿಂದ ಬೀಮ್ ತಳಕ್ಕೆ ಒಬ್ಬರೇ ನಿಂತು ಅಳೆಯಬೇಕಾದಾಗ ಅದು ಅರ್ಧದಲ್ಲೇ ಬಾಗಿ ಬೀಳುತ್ತದೆ. ಐದು ಮೀಟರ್ ಟೇಪಿಗೆ 19 ಮಿಲಿಮೀಟರ್, ಎಂಟು ಮೀಟರಿನದಕ್ಕೆ 25 ಮಿಲಿಮೀಟರ್ ಅಗಲವಿರಲಿ. ಅಂಕಿಗಳ ಮೇಲೆ ನೈಲಾನ್ ಲೇಪವಿದ್ದರೆ ಮರಳಿನ ಉಜ್ಜಾಟವನ್ನು ಹೆಚ್ಚು ದಿನ ತಾಳುತ್ತದೆ. ಕೆಲವು ಟೇಪುಗಳ ಪಟ್ಟಿಯ ಮೊದಲಲ್ಲೇ ರೋಮನ್ ಅಂಕಿಯಲ್ಲಿ ಎರಡು ಎಂಬ ಗುರುತಿರುತ್ತದೆ. ಅದು ನಿಖರತೆಯ ದರ್ಜೆ. ಐದು ಮೀಟರಿಗೆ 1.3 ಮಿಲಿಮೀಟರ್ ಒಳಗಿನ ವ್ಯತ್ಯಾಸ. ಗಾರೆ ಕೆಲಸಕ್ಕೆ ಧಾರಾಳವಾಯಿತು. ಒಂದನೇ ದರ್ಜೆಗೆ ಹೆಚ್ಚು ಹಣ ಕೊಟ್ಟು ಪಾಯ ಅಳೆಯುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಉದ್ದದ ಟೇಪಿನ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ನಮ್ಮೂರುಗಳಲ್ಲಿ ಎಲ್ಲರಿಗೂ ಗೊತ್ತಿರುವ ಮೂವತ್ತು–ನಲವತ್ತರ ಸೈಟನ್ನೇ ತೆಗೆದುಕೊಳ್ಳಿ. ಮೂರು–ನಾಲ್ಕು–ಐದರ ಲೆಕ್ಕದಂತೆ ಅದರ ಕರ್ಣ ಸರಿಯಾಗಿ 50 ಅಡಿ ಬರಬೇಕು. ಬಂದರೆ ಮೂಲೆ ಸರಿಯಾಗಿ ತೊಂಬತ್ತು ಡಿಗ್ರಿ ಇದೆ ಎಂದು ಅರ್ಥ. ಐವತ್ತು ಅಡಿ ಎಂದರೆ 15.24 ಮೀಟರ್. ಹದಿನೈದು ಮೀಟರ್ ಟೇಪು ಹಿಡಿದು ಹೋದವರು ಕೊನೆಯ 24 ಸೆಂಟಿಮೀಟರ್‌ಗೆ ಬೇರೆ ಟೇಪು ಜೋಡಿಸಿ ಒದ್ದಾಡುವುದನ್ನು ನೋಡಿದ್ದೇನೆ. ಮೂವತ್ತು ಮೀಟರಿನದನ್ನೇ ಕೊಳ್ಳಿ. ಫೈಬರ್ ಟೇಪು ತುಕ್ಕು ಹಿಡಿಯುವುದಿಲ್ಲ, ಆದರೆ ಇಬ್ಬರು ಜಗ್ಗಿ ಎಳೆದರೆ ಹಿಗ್ಗುತ್ತದೆ. ಉಕ್ಕಿನದು ಹಾಗೆ ಹಿಗ್ಗದಿದ್ದರೂ ಬಿಸಿಲಿಗೆ ಉದ್ದವಾಗುತ್ತದೆ: ಇಪ್ಪತ್ತು ಡಿಗ್ರಿಯಲ್ಲಿ ಸರಿಯಿರುವ 30 ಮೀಟರ್ ಪಟ್ಟಿ ನಲವತ್ತರಲ್ಲಿ ಸುಮಾರು ಏಳು ಮಿಲಿಮೀಟರ್ ಹೆಚ್ಚು. ಹೊಸಪೇಟೆಯ ಏಪ್ರಿಲ್‌ನಲ್ಲಿ ಮನೆಯ ಪಾಯಕ್ಕೆ ಇದನ್ನು ಲೆಕ್ಕಿಸುವುದಿಲ್ಲ. ಶೆಡ್ಡಿನ ಕಂಬಗಳನ್ನು ಪಾಯಕ್ಕೆ ಹಿಡಿದಿಡುವ ಆಂಕರ್ ಬೋಲ್ಟ್ ಕೂರಿಸುವಾಗ ಬೆಳಿಗ್ಗೆಯೇ ಅಳೆದು ಮುಗಿಸುತ್ತೇನೆ. ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಉಕ್ಕಿನ ಟೇಪನ್ನು ಹೊರಗೇ ತೆಗೆಯುವುದಿಲ್ಲ.

ಪಟ್ಟಿಯಲ್ಲಿ ಇಂಚೂ ಮಿಲಿಮೀಟರೂ ಎರಡೂ ಇರಬೇಕು, ಏಕೆಂದರೆ ನಕ್ಷೆ ಒಂದು ಭಾಷೆ ಮಾತನಾಡಿದರೆ ಮೇಸ್ತ್ರಿ ಇನ್ನೊಂದನ್ನು ಆಡುತ್ತಾರೆ. ನಕ್ಷೆಯಲ್ಲಿ ಕಾಲಂನ ಸರಳುಗಳ ಸುತ್ತ ಕಟ್ಟುವ ರಿಂಗುಗಳ ಅಂತರ 150 ಮಿಲಿಮೀಟರ್ ಎಂದಿದ್ದರೆ ಕಬ್ಬಿಣ ಕಟ್ಟುವವರು ಆರಿಂಚು ಎಂದು ಗುರುತು ಹಾಕುತ್ತಾರೆ. ಆರಿಂಚು ಎಂದರೆ 152.4 ಮಿಲಿಮೀಟರ್. ಒಂದು ಅಂತರಕ್ಕೆ 2.4 ಮಿಲಿಮೀಟರ್ ಏನೂ ಅಲ್ಲ. ಮೂರು ಮೀಟರ್ ಕಾಲಂನ ಇಪ್ಪತ್ತು ಅಂತರಕ್ಕೆ ಅದೇ 48 ಆಗುತ್ತದೆ. ಮೇಸ್ತ್ರಿಯ ಜೊತೆ ವಾದಿಸುವುದಕ್ಕಿಂತ ಟೇಪು ತಿರುಗಿಸಿ ಇನ್ನೊಂದು ಅಂಚು ತೋರಿಸುವುದು ಸುಲಭ.

ಟೇಪು ಸಾಯುವುದು ಸಾಮಾನ್ಯವಾಗಿ ಮೊದಲ ಗೇಣಿನಲ್ಲಿ. ಲಾಕ್ ಬಿಟ್ಟು ಸರ್ರನೆ ಒಳಕ್ಕೆ ಹೋಗಲು ಬಿಟ್ಟರೆ ಕೊಕ್ಕೆ ಟೇಪಿನ ಡಬ್ಬಿಯ ಬಾಯಿಗೆ ಬಡಿದು ರಿವೆಟ್ ಸಡಿಲವಾಗುತ್ತದೆ, ಪಟ್ಟಿ ಬಿರಿಯುತ್ತದೆ. ಕೊನೆಯ ಭಾಗವನ್ನು ಬೆರಳಲ್ಲಿ ತಡೆದು ಬಿಡಬೇಕು. ಕಾಂಕ್ರೀಟ್ ಹಾಕುವ ದಿನ ಸಿಮೆಂಟ್ ಹಾಲು ಮೆತ್ತಿದ ಪಟ್ಟಿಯನ್ನು ಹಾಗೆಯೇ ಸುತ್ತಿದರೆ ಮರುದಿನ ಅದು ಹೊರಗೆ ಬರಲು ಒಪ್ಪುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿಯೇ ಸುತ್ತಬೇಕು. ಅಂಥ ದಿನಕ್ಕೆಂದೇ ಒಂದು ಹಳೆಯ ಟೇಪು ಇಟ್ಟಿದ್ದೇನೆ.

ತುದಿ ಹಾಳಾದ ಟೇಪನ್ನು ಹತ್ತು ಸೆಂಟಿಮೀಟರ್ ಗೆರೆಯಿಂದ ಹಿಡಿದು, ಕೊನೆಗೆ ಹತ್ತು ಕಳೆದು ಓದುವ ಪದ್ಧತಿಯಿದೆ. ಒಬ್ಬರೇ ಅಳೆದು ಒಬ್ಬರೇ ಬರೆದರೆ ಸರಿ. ಅಳೆಯುವವನು ಕೂಗಿ ಹೇಳಿ ಬಡಗಿ ಹಲಗೆ ಕೊಯ್ಯುವ ಕಡೆ ನಾನು ಇದಕ್ಕೆ ಒಪ್ಪುವುದಿಲ್ಲ, ಕಳೆಯುವುದನ್ನು ಇಬ್ಬರೂ ಮಾಡಬಹುದು, ಇಬ್ಬರೂ ಮಾಡದೆಯೂ ಇರಬಹುದು. ಸೆಂಟ್ರಿಂಗ್‌ನವರದು, ಕಬ್ಬಿಣದವರದು, ನನ್ನದು, ಎಲ್ಲ ಟೇಪುಗಳನ್ನೂ ಕೆಲಸ ಶುರುವಾಗುವ ಮೊದಲು ಪಕ್ಕಪಕ್ಕದಲ್ಲಿ ಬಿಡಿಸಿ ನೋಡುತ್ತೇನೆ. ಹೊಂದದೆ ಹೋದದ್ದು ಆ ಸೈಟಿನಲ್ಲಿ ಮರಳಿನ ರಾಶಿ ಅಳೆಯಲು ಹೋಗುತ್ತದೆ.